ಎಡೆದೊರೆ ನಾಡಿನ ರಹದಾರಿ

ಪರರಾಜ್ಯವನ್ನು ಕೆಲವು ದಿನಗಳ ಮಟ್ಟಿಗೆ ನೋಡಿ ಬರಬೇಕೆನ್ನುವವನು ಆ ರಾಜ್ಯದವರ ಒಪ್ಪಿಗೆಯನ್ನು ಮುಂಚಿತವಾಗಿ ಬೇಡಿ ಪಡೆಯಬೇಕೆಂಬುದು ಇಂದು ಸರ್ವವಿದಿತವಾದ ಸಂಗತಿ. ಆ ಒಪ್ಪಿಗೆಗೆ ವೀಸಾ ಎಂದು ಹೆಸರು. ‘ನೋಡಲ್ಪಟ್ಟುದು’ ಎಂಬರ್ಥದ ಲ್ಯಾಟಿನ್ ಪದವೇ ಇದರ ಮೂಲ. ಅಧಿಕಾರಿಯು ಕಾಗದವನ್ನು ನೋಡಿ, ಸರಿಯೆಂದು ಕಂಡು, ಅದರ ಮೇಲೆ ಗುರುತು ಹಾಕಿದನೆಂಬುದಷ್ಟೇ ಅದರ ಆಶಯ. ಕನ್ನಡದಲ್ಲಿ ಇಂಥ ಕಾಗದಗಳಿಗೆ ‘ರಹದಾರಿ’ ಎಂಬ ಹಳೆಯ ಮಾತುಂಟು. ಅದು ಪಾರಸಿಯಿಂದ ಬಂದುದು. ಮೊಗಲರ ಕಾಲದಲ್ಲಿ ರಹದಾರಿಯೆಂದರೆ ದಾರಿ ಕಾಯುವವರು ಹಾದಿಗರಿಂದ ವಸೂಲು ಮಾಡುತ್ತಿದ್ದ ಸುಂಕ. ಔರಂಗಜೇಬನು ಪಟ್ಟಕ್ಕೆ ಬಂದ ಹೊಸತರಲ್ಲಿ ಅದನ್ನು ರದ್ದುಪಡಿಸಿದನೆಂದು ಚರಿತ್ರೆಕಾರರು ಹೇಳುತ್ತಾರೆ. ಸುಂಕದ ಹೆಸರು ಬರಬರುತ್ತ ಅನುಮತಿಪತ್ರದ ಹೆಸರಾಯಿತು. ಅನುಮತಿಗೂ ಹಣಕ್ಕೂ ಇರುವ ಸಂಬಂಧವನ್ನು ಈ ಒಂದು ಮಾತೇ ಹೇಳುತ್ತಿದೆ.

ರಹದಾರಿಯ ಚರಿತ್ರೆಯನ್ನು ತಿಳಿಯಲೆಳಸುವವರಿಗೆ ಸಿಂಧನೂರು, ಲಿಂಗಸುಗೂರು, ಮಸ್ಕಿಗಳಿರುವ ನಾಡಿಗಿಂತ ತಕ್ಕ ನಾಡು ದೊರೆಯುವುದು ಕಷ್ಟ. ಕೃಷ್ಣಾ ತುಂಗಭದ್ರೆಗಳ ನಡುವಣ ಈ ಸೀಮೆಗೆ ಶಾಸನಗಳಲ್ಲಿ ಎಡೆದೊರೆ ನಾಡೆಂದು ಹೆಸರು. ಎರಡು ತೊರೆಗಳ ಎಡೆಯಲ್ಲಿರುವುದರಿಂದ ಆ ಹೆಸರು ಬಂದಿತು. ಚೋಳ ರಾಜೇಂದ್ರನು ಇದನ್ನು ಗೆದ್ದೆನೆಂದು ಹೇಳಿಕೊಂಡಿದ್ದಾನೆ. ಅವನು ಚಾಲುಕ್ಯ ಜಯಸಿಂಹನೊಡನೆ ಕಾದಿದ ಮುಶಂಗಿಯು ಈ ಮಸ್ಕಿಯೇ ಎಂಬುದು ಅನೇಕ ಪಂಡಿತರ ಮತ. ಆಮೇಲೆ ವಿಜಯನಗರದವರೂ ಬಹಮನಿಯವರೂ, ಅವರ ತರುವಾಯ ಬಿಜಾಪುರದವರೂ ಇದಕ್ಕಾಗಿ ಇನ್ನೂರು ವರ್ಷಗಳಿಗೂ ಮಿಕ್ಕಿ ಹೊಡೆದಾಡಿದರು. ಮುದಗಲ್ಲಿನ ಕೋಟೆ ಎಷ್ಟು ಸಲ ಕೈ ಬದಲಾಯಿಸಿತೆಂಬುದನ್ನು ಎಣಿಸುವುದೇ ಒಂದು ಕೆಲಸ. ಇಲ್ಲಿನ ಒಕ್ಕಲಿಗನು ಗಡಿಯನ್ನು ದಾಟಿದುದಕ್ಕಿಂತ ಗಡಿಯೇ ಅವನನ್ನು ದಾಟಿಹೋದ ಸಂದರ್ಭಗಳು ಹೆಚ್ಚು. ಆದುದರಿಂದ ‘ನೀನು ಯಾರ ಪ್ರಜೆ? ಎಲ್ಲಿಗೆ ಹೊರಟಿರುವೆ? ಮರಳಿ ಬರುವೆಯಾ?’ ಎಂಬ ಮೂರು ಪ್ರಶ್ನೆಗಳು ಈ ನಾಡಿಗೆ ಹೊಸತಲ್ಲ.

ಮಸ್ಕಿಯ ಅಶೋಕ ಶಾಸನವು ೧೯೧೫ರಲ್ಲಿ ಬೆಳಕಿಗೆ ಬಂದಿತು. ಅದನ್ನು ಕಂಡವನು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು. ಓದಿ ಪ್ರಕಟಿಸಿದವರು ಎಚ್. ಕೃಷ್ಣಶಾಸ್ತ್ರಿಗಳು. ದೇವಾನಾಂಪ್ರಿಯನು ಅಶೋಕನೇ ಎಂಬುದನ್ನು ಶಾಸನದ ಬಾಯಿಂದಲೇ ಮೊದಲು ಹೇಳಿಸಿದ ಕೀರ್ತಿ ಈ ಬಂಡೆಯದು. ಅರವತ್ತು ವರ್ಷಗಳ ಮೇಲೆ ತುಂಗಭದ್ರೆಯ ಆಚೆ, ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಉಡೆಗೋಳಗಳಲ್ಲಿಯೂ ಆ ಹೆಸರು ದೊರೆಯಿತು. ಮೌರ್ಯರ ದಕ್ಷಿಣ ಪ್ರಾಂತದ ರಾಜಧಾನಿಯಾದ ಸುವರ್ಣಗಿರಿಯು ಎಲ್ಲಿತ್ತೆಂಬುದು ಇನ್ನೂ ವಿವಾದದ ಮಾತು. ಮಸ್ಕಿಯೆಂದು ಕೆಲವರು, ಕನಕಗಿರಿಯೆಂದು ಕೆಲವರು, ಜೊನ್ನಗಿರಿಯೆಂದು ಮತ್ತೆ ಕೆಲವರು. ಎಲ್ಲಿಯೇ ಇರಲಿ, ಅಲ್ಲಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಅಧಿಕಾರಿಗಳಿಗೆ ಕುಶಲ ಕೇಳಿ ಆಜ್ಞೆ ಕಳುಹಿಸಿದುದು ಬ್ರಹ್ಮಗಿರಿಯ ಶಾಸನದಿಂದ ತಿಳಿದುಬರುತ್ತದೆ. ಅಂದಮೇಲೆ ಕಾಗದಪತ್ರಗಳ, ದೂತರ, ಮುದ್ರೆಗಳ ವ್ಯವಹಾರವೊಂದು ಈ ದಾರಿಗಳಲ್ಲಿ ನಡೆದಿದ್ದಿತು.

ಮಸ್ಕಿಯ ಬಂಡೆ ಬೆಳಕು ಕಂಡ ವರ್ಷದಲ್ಲಿಯೇ ಮೈಸೂರಿನ ಆರ್. ಶಾಮಶಾಸ್ತ್ರಿಗಳ ಅರ್ಥಶಾಸ್ತ್ರದ ಇಂಗ್ಲಿಷ್ ಅನುವಾದವೂ ಹೊರಬಂದಿತು. ಮೂಲವನ್ನು ಅವರು ೧೯೦೯ರಲ್ಲಿಯೇ ಅಚ್ಚು ಹಾಕಿಸಿದ್ದರು. ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯ ವಿಚಾರ ಬರುತ್ತದೆ. ಅವನು ಒಂದು ಮಾಷಕ ಪಡೆದು ಮುದ್ರೆಯನ್ನು ಕೊಡಬೇಕು. ಮುದ್ರೆಯುಳ್ಳವನು ಜನಪದವನ್ನು ಹೊಗಬಹುದು, ಹೊರಡಬಹುದು. ನಾಡಿನವನೇ ಆಗಿ ಮುದ್ರೆಯಿಲ್ಲದೆ ನಡೆದರೆ ೧೨ ಪಣಗಳ ದಂಡ. ಕಳ್ಳಮುದ್ರೆಯಾದರೆ ಪೂರ್ವಸಾಹಸದ ದಂಡ. ಅಂಥ ಅಪರಾಧ ಮಾಡಿದವನು ಹೊರನಾಡಿಗನಾದರೆ ಉತ್ತಮಸಾಹಸದ ದಂಡ. ಊರುಗಳ ನಡುವಣ ಹುಲ್ಲುಗಾವಲುಗಳ ಮೇಲ್ವಿಚಾರಕನಾದ ವಿವೀತಾಧ್ಯಕ್ಷನು ದಾರಿಗರ ಮುದ್ರೆಗಳನ್ನು ನೋಡಬೇಕು. ‘ನೋಡಲ್ಪಟ್ಟುದು’ ಎಂಬ ಲ್ಯಾಟಿನ್ ಮಾತಿಗೆ ಇದಕ್ಕಿಂತ ಸಮೀಪದ ಪೂರ್ವಜನು ಸಿಕ್ಕಲಾರನು. ಅರ್ಥಶಾಸ್ತ್ರವು ಚಂದ್ರಗುಪ್ತನ ಕಾಲದ್ದೆಂಬ ನಂಬಿಕೆಯನ್ನು ಈಚಿನ ವಿದ್ವಾಂಸರಲ್ಲಿ ಹಲವರು ಒಪ್ಪುವುದಿಲ್ಲ; ಈಗಿನ ರೂಪವು ಕ್ರಿಸ್ತಶಕದ ಮೊದಲ ಶತಮಾನಗಳದೆಂದು ಅವರ ಅಭಿಪ್ರಾಯ. ಆದುದರಿಂದ ಮಸ್ಕಿಯ ಹಾದಿಯಲ್ಲಿ ಮೌರ್ಯರ ಮುದ್ರಾಧ್ಯಕ್ಷನೊಬ್ಬನನ್ನು ಕೂರಿಸಿ ಚಿತ್ರ ಬರೆಯುವುದು ಸಾಹಸವಾದೀತು. ಆದರೂ ಒಂದು ಮಾತು ಗಮನಾರ್ಹವಾಗಿದೆ. ಆ ಗ್ರಂಥದಲ್ಲಿ ಹೊರಡುವುದಕ್ಕೂ ಹೊಗುವುದಕ್ಕೂ ಮುದ್ರೆ ಒಂದೇ, ಕೊಡುವ ದೊರೆಯೂ ಒಬ್ಬನೇ. ತನ್ನ ದೊರೆಯಿಂದ ಒಂದು, ಪರರ ದೊರೆಯಿಂದ ಇನ್ನೊಂದು ಎಂಬ ಎರಡು ಅಗುಳಿಗಳ ಬಾಗಿಲು ಬಹಳ ಈಚಿನದು.

ಮೂರನೆಯ ಪ್ರಶ್ನೆಯಾದ ‘ಮರಳಿ ಬರುವೆಯಾ?’ ಎಂಬುದು ಈ ನಾಡಿನಲ್ಲಿ ಒಮ್ಮೆ ಮಹಾಯುದ್ಧಕ್ಕೇ ಕಾರಣವಾಯಿತು. ಪೋರ್ತುಗೀಜ ಲೇಖಕ ನೂನಿಜನು ಹೇಳುವ ವೃತ್ತಾಂತವಿದು. ವಿಜಯನಗರಕ್ಕೂ ಬಿಜಾಪುರಕ್ಕೂ ಆಗಿದ್ದ ಒಪ್ಪಂದದಲ್ಲಿ, ಒಂದು ರಾಜ್ಯದ ಸಾಲಗಾರರೂ ಅಪರಾಧಿಗಳೂ ಇನ್ನೊಂದಕ್ಕೆ ಓಡಿಹೋದರೆ ಕೇಳಿದೊಡನೆ ಒಪ್ಪಿಸಬೇಕೆಂಬ ಷರತ್ತಿದ್ದಿತಂತೆ. ಕೃಷ್ಣದೇವರಾಯನು ಸೈಯದ್ ಮರೈಕಾರನೆಂಬ ವರ್ತಕನಿಗೆ ೪೦,೦೦೦ ಪರದಾವುಗಳನ್ನು ಕೊಟ್ಟು ಗೋವೆಯಲ್ಲಿ ಕುದುರೆ ಕೊಂಡು ತರಲು ಕಳುಹಿಸಿದನು. ಅವನು ಆದಿಲಶಾಹಿಯ ಸೀಮೆ ಸೇರಿದವನು ಕುದುರೆಯನ್ನೂ ತರಲಿಲ್ಲ, ಹಣವನ್ನೂ ತರಲಿಲ್ಲ. ರಾಯನು ಅವನನ್ನು ಕಳುಹಿಸಿಕೊಡೆಂದು ಕೇಳಿದನು. ಇಸ್ಮಾಯಿಲ್ ಆದಿಲಶಹನು ಆಶ್ರಯವಿತ್ತನೇ ಹೊರತು ಒಪ್ಪಿಸಲಿಲ್ಲ. ಇದರ ಮೇಲೆ ರಾಯನ ದಂಡು ರಾಯಚೂರಿಗೆ ನಡೆಯಿತು. ೧೫೨೦ರ ಯುದ್ಧವು ನಡೆದು ಕೋಟೆ ವಿಜಯನಗರದ ವಶವಾಯಿತು. ದೋಆಬಿನ ಮೇಲೆ ರಾಯನಿಗೆ ಮೊದಲೇ ಕಣ್ಣಿದ್ದಿತು, ವರ್ತಕನ ಓಟವು ನೆವ ಮಾತ್ರವೆಂಬುದರಲ್ಲಿ ಸಂದೇಹವಿಲ್ಲ. ನೆವವಾದರೂ ಇದು ನಾಲ್ಕು ಜನ ಒಪ್ಪುವಂಥ ನೆವವಾಗಿದ್ದಿತೆಂಬುದೇ ವಿಶೇಷ. ಹೋಗಿಬರುತ್ತೇನೆಂದು ಹೋದವನು ಬರದಿದ್ದರೆ ಅದು ಎರಡು ರಾಜ್ಯಗಳ ನಡುವಿನ ಮಾತಾಗುತ್ತದೆಂಬುದನ್ನು ಅಂದಿನವರು ಬಲ್ಲವರಾಗಿದ್ದರು.

ನಿಜಾಮರ ಆಳ್ವಿಕೆಗೆ ಬಂದ ಮೇಲೆ ತುಂಗಭದ್ರೆಯು ಬೇರೊಂದು ಬಗೆಯ ಗಡಿಯಾಯಿತು. ಆಚೆ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆ, ಈಚೆ ಹೈದರಾಬಾದು ಸಂಸ್ಥಾನ. ನಡುವೆ ೧೮೫೩ರಿಂದ ೧೮೬೦ರ ವರೆಗೆ ರಾಯಚೂರು ದೋಆಬು ಬ್ರಿಟಿಷರ ಕೈಗೆ ಹೋಗಿ ಬಂದಿತು. ಲಿಂಗಸುಗೂರಿನಲ್ಲಿ ದಂಡಿನ ಠಾಣ್ಯವಿದ್ದಿತು, ೧೯೦೫ರ ವರೆಗೆ ಅದು ಜಿಲ್ಲೆಯ ಹೆಸರೂ ಆಗಿದ್ದಿತು. ಹರಿಗೋಲಿನಲ್ಲಿ ಹೊಳೆ ದಾಟಿ ನೆಂಟರ ಮನೆಗೆ ಹೋಗುವವನಿಗೆ ಯಾರೂ ರಹದಾರಿ ಕೇಳುತ್ತಿರಲಿಲ್ಲ. ಆದರೆ ಅವನ ಗಂಟನ್ನು ಕರೋಡಗಿರಿಯವರು, ಅಂದರೆ ನಿಜಾಮರ ಸುಂಕದ ಇಲಾಖೆಯವರು, ಬಿಚ್ಚಿ ನೋಡಬಹುದಾಗಿದ್ದಿತು. ೧೮೦೨ರ ಒಪ್ಪಂದದಂತೆ ಸರಕಿಗೆ ನೂರಕ್ಕೆ ಐದರ ಸುಂಕ. ದುಡ್ಡೂ ಬೇರೆ. ಬ್ರಿಟಿಷ್ ೬ ರೂಪಾಯಿಗೆ ಹಾಲಿ ಸಿಕ್ಕಾ ೭ ಎಂಬುದು ಸಂತೆಯ ಲೆಕ್ಕ. ಮನುಷ್ಯನಿಗೆ ಬಾಗಿಲು ತೆರೆದು ಸರಕಿಗೂ ನಾಣ್ಯಕ್ಕೂ ಕಾವಲಿಟ್ಟ ಗಡಿ ಅದು.

ಆ ಸರಕಾರವೂ ಮನುಷ್ಯರನ್ನು ವಿಂಗಡಿಸಲು ಒಂದು ಬೇರೆ ದಾರಿ ಹಿಡಿದಿದ್ದಿತು. ಸಂಸ್ಥಾನದ ನೌಕರಿ ಬೇಕೆನ್ನುವವನು ‘ಮುಲ್ಕಿ’ ಆಗಿರಬೇಕು. ಈ ವಿಷಯದಲ್ಲಿ ೧೯೧೯ರಲ್ಲಿ ಫರ್ಮಾನು ಹೊರಟಿತು. ಹೊರಗಿನಿಂದ ಬಂದವನು ಹದಿನೈದು ವರ್ಷ ಸಂಸ್ಥಾನದಲ್ಲಿ ನೆಲೆಸಿ, ತನ್ನ ಹಿಂದಿನ ಊರಿಗೆ ಮರಳುವ ವಿಚಾರವನ್ನು ಬಿಟ್ಟಿದ್ದೇನೆಂದು ಪ್ರಮಾಣಪತ್ರ ಬರೆದು ಮ್ಯಾಜಿಸ್ಟ್ರೇಟನ ಸಹಿ ಪಡೆದರೆ ಮುಲ್ಕಿಯಾಗಬಹುದಾಗಿದ್ದಿತು. ಇಂದಿನ ಪ್ರವಾಸಿ ವೀಸಾದ ಅರ್ಜಿಗೆ ಇದು ಕನ್ನಡಿಯೊಳಗಿನ ತಿರುಗುಮುರುಗು ಬಿಂಬದಂತಿದೆ. ಅಲ್ಲಿ ಮರಳಲಾರೆನೆಂದು ಪ್ರಮಾಣ ಮಾಡಿದವನಿಗೆ ಒಪ್ಪಿಗೆ. ಇಲ್ಲಿ ಮರಳುವೆನೆಂದು ನಂಬಿಸಿದವನಿಗೆ ಒಪ್ಪಿಗೆ. ಎರಡರಲ್ಲಿಯೂ ಅಧಿಕಾರಿಯು ನೋಡಬಯಸುವುದು ಅರ್ಜಿದಾರನ ಮನಸ್ಸನ್ನು, ನೋಡಲು ದೊರೆಯುವುದು ಕಾಗದ ಮಾತ್ರ.

ಸಮುದ್ರದಾಚೆಗೆ ಹೋಗುವವನ ಸ್ಥಿತಿಯೂ ಹೊಳೆಯ ಎರಡು ದಡಗಳಲ್ಲಿ ಎರಡು ಬಗೆಯಾಗಿದ್ದಿತು. ಸಿರುಗುಪ್ಪದವನು ಬ್ರಿಟಿಷ್ ಪ್ರಜೆ. ಸಿಂಧನೂರಿನವನು ನಿಜಾಮರ ಪ್ರಜೆಯಾದುದರಿಂದ ಅವನ ಪಾಸ್‌ಪೋರ್ಟಿನಲ್ಲಿ ‘ಬ್ರಿಟಿಷರ ರಕ್ಷಣೆಗೊಳಪಟ್ಟ ವ್ಯಕ್ತಿ’ ಎಂದು ಬರೆಯತಕ್ಕುದಾಗಿದ್ದಿತು. ಪಾಸ್‌ಪೋರ್ಟು ಎಂಬುದೇ ಆಗ ಎಳೆಯ ವಸ್ತು. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಲೋಕದ ಬಹುಭಾಗದಲ್ಲಿ ಅದಿಲ್ಲದೆಯೇ ಜನ ಓಡಾಡುತ್ತಿದ್ದರು. ಭಾವಚಿತ್ರವನ್ನೂ ಮೈಗುರುತುಗಳನ್ನೂ ಒಳಗೊಂಡ ಬ್ರಿಟಿಷ್ ಪಾಸ್‌ಪೋರ್ಟು ಬಂದುದು ೧೯೧೫ರಲ್ಲಿ. ಮಸ್ಕಿಯ ಶಾಸನವೂ ಮುದ್ರಾಧ್ಯಕ್ಷನೂ ಓದುಗರ ಕಣ್ಣಿಗೆ ಬಿದ್ದ ವರ್ಷವೂ ಅದೇ ಎಂಬುದು ಕಾಕತಾಳೀಯವಾದರೂ ಸೊಗಸಾದ ಕೂಟ. ಯುದ್ಧ ಮುಗಿದ ಮೇಲೆ ೧೯೨೦ರಲ್ಲಿ ಪ್ಯಾರಿಸಿನಲ್ಲಿ ರಾಷ್ಟ್ರಸಂಘದ ಸಮ್ಮೇಳನ ಕೂಡಿ ೩೨ ಪುಟಗಳ ಪುಸ್ತಕದ ಮಾದರಿಯನ್ನು ಗೊತ್ತುಮಾಡಿತು. ಈ ತೊಡಕು ತಾತ್ಕಾಲಿಕವೆಂದೂ ಕಾಲಕ್ರಮದಲ್ಲಿ ಹಿಂದಿನ ಸ್ವಾತಂತ್ರ್ಯ ಮರಳುವುದೆಂದೂ ಅಲ್ಲಿ ನೆರೆದವರು ಆಶಿಸಿದ್ದರು. ಅದೇ ವರ್ಷ ಹಿಂದೂಸ್ತಾನಕ್ಕೂ ಪಾಸ್‌ಪೋರ್ಟಿನ ಕಾಯಿದೆ ಬಂದಿತು. ತಾತ್ಕಾಲಿಕವೆಂದು ಬಂದ ಎಷ್ಟೋ ಕರಗಳಂತೆ ಇದೂ ಮನೆ ಬಿಟ್ಟು ಹೋಗಲಿಲ್ಲ.

೧೯೪೭ರ ಆಗಸ್ಟಿನಿಂದ ೧೯೪೮ರ ಸೆಪ್ಟೆಂಬರಿನ ವರೆಗಿನ ಹದಿಮೂರು ತಿಂಗಳು ತುಂಗಭದ್ರೆಯು ನಿಜವಾಗಿಯೂ ಎರಡು ದೇಶಗಳ ಗಡಿಯಾಗಿದ್ದಿತು. ರಜಾಕಾರರ ಹಾವಳಿಗೆ ಹೆದರಿ ಹೊರಬಿದ್ದವರು ಯಾರ ಒಪ್ಪಿಗೆಯನ್ನೂ ಕಾಯಲಿಲ್ಲ. ಗಡಿಯಾಚೆ ಮುಂಡರಗಿ, ಗಜೇಂದ್ರಗಡಗಳಲ್ಲಿ ಹೋರಾಟದ ಶಿಬಿರಗಳು ನಿಂತವು. ಪೊಲೀಸು ಕಾರ್ಯಾಚರಣೆಯು ಸೆಪ್ಟೆಂಬರ್ ೧೩ರಂದು ತೊಡಗಿ ನಾಲ್ಕಾರು ದಿನಗಳಲ್ಲಿ ಮುಗಿಯಿತು. ಅದೇ ೧೯೪೮ರ ಜುಲೈ ತಿಂಗಳಲ್ಲಿ ಭಾರತಕ್ಕೂ ಪಶ್ಚಿಮ ಪಾಕಿಸ್ತಾನಕ್ಕೂ ನಡುವೆ ಪರ್ಮಿಟ್ಟಿನ ಪದ್ಧತಿ ಜಾರಿಗೆ ಬಂದಿದ್ದಿತು. ಅದರಲ್ಲಿ ನೆಲೆಸಲು ಬರುವವರಿಗೆ ಒಂದು, ಕೆಲಕಾಲ ಇದ್ದು ಹೋಗುವವರಿಗೆ ಇನ್ನೊಂದು ಎಂಬ ಭೇದವಿದ್ದಿತು. ನೆನ್ನೆಯ ವರೆಗೆ ಒಂದೇ ಮನೆಯವರಾಗಿದ್ದವರಲ್ಲಿ ಒಬ್ಬನು ಇನ್ನೊಬ್ಬನಿಗೆ ‘ತಾತ್ಕಾಲಿಕ ಸಂದರ್ಶಕ’ನಾದನು. ೧೯೫೨ರ ಅಕ್ಟೋಬರಿನಲ್ಲಿ ಪರ್ಮಿಟ್ಟು ಹೋಗಿ ಪಾಸ್‌ಪೋರ್ಟು ವೀಸಾಗಳು ಬಂದವು. ಅಲ್ಲಿಯ ವರೆಗೆ ತೆರೆದೇ ಇದ್ದ ಪೂರ್ವ ಬಂಗಾಳದ ಗಡಿಗೂ ಅವು ಅನ್ವಯಿಸಿದವು.

ಸ್ವತಂತ್ರ ಭಾರತದಲ್ಲಿ ಎರಡು ಅಗುಳಿಗಳಲ್ಲಿ ಒಂದು ಸಡಿಲವಾಯಿತು. ೧೯೬೭ರ ಏಪ್ರಿಲಿನಲ್ಲಿ ಸತ್ವಂತ ಸಿಂಗ್ ಸಾಹನಿಯವರ ಮೊಕದ್ದಮೆಯಲ್ಲಿ, ವಿದೇಶಕ್ಕೆ ಹೋಗುವುದು ಮನುಷ್ಯನ ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ಅದರ ಬೆನ್ನಿಗೇ ಪಾಸ್‌ಪೋರ್ಟಿನ ಹೊಸ ಕಾಯಿದೆಯಾಯಿತು. ೧೯೭೮ರ ಮೇನಕಾ ಗಾಂಧಿಯವರ ಮೊಕದ್ದಮೆಯ ತೀರ್ಪು ಆ ಹಕ್ಕನ್ನು ಇನ್ನಷ್ಟು ಭದ್ರಪಡಿಸಿತು. ಹೊರಡುವುದು ಹೀಗೆ ಹಕ್ಕಾಯಿತು. ಹೊಗುವುದು ಮಾತ್ರ ಮೊದಲಿನಂತೆ ಪರರ ಅನುಗ್ರಹವಾಗಿಯೇ ಉಳಿದಿದೆ. ವೀಸಾ ನಿರಾಕರಿಸಿದ ಪರದೇಶದ ಮೇಲೆ ರಾಯಚೂರಿನ ನ್ಯಾಯಾಲಯವೂ ದಿಲ್ಲಿಯ ನ್ಯಾಯಾಲಯವೂ ಏನನ್ನೂ ಮಾಡಲಾರವು.

ಈ ಅನುಗ್ರಹವನ್ನು ಬೇಡುವ ಕ್ರಮವು ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ. ಅವಧಿ ಮುಗಿಯದ ಪಾಸ್‌ಪೋರ್ಟು, ಗೊತ್ತಾದ ಅಳತೆಯ ಭಾವಚಿತ್ರ, ಬೆರಳಚ್ಚು, ಪ್ರಯಾಣದ ದಿನಚರಿ, ಇಳಿದುಕೊಳ್ಳುವ ಸ್ಥಳ, ಬ್ಯಾಂಕಿನ ಲೆಕ್ಕದ ಪಟ್ಟಿ, ಕೊಟ್ಟರೆ ಬಾರದ ಶುಲ್ಕ. ಯುರೋಪಿನ ಷೆಂಗೆನ್ ಒಪ್ಪಂದದ ದೇಶಗಳು ಯಾವುದೇ ೧೮೦ ದಿನಗಳಲ್ಲಿ ೯೦ ದಿನಗಳ ವಾಸಕ್ಕೆ ಒಪ್ಪಿಗೆ ಕೊಡುತ್ತವೆ. ಅಮೆರಿಕದ ಕಾನೂನು ಎಲ್ಲಕ್ಕಿಂತ ನಿಷ್ಠುರವಾಗಿ ಮಾತಾಡುತ್ತದೆ: ೧೯೫೨ರ ವಲಸೆ ಕಾಯಿದೆಯ ೨೧೪ನೆಯ ಪ್ರಕರಣದ ಪ್ರಕಾರ, ಪ್ರವಾಸಿಯಾಗಿ ಹೋಗುತ್ತೇನೆನ್ನುವ ಪ್ರತಿಯೊಬ್ಬನನ್ನೂ ನೆಲೆಸಲು ಬರುವವನೆಂದೇ ಭಾವಿಸತಕ್ಕದ್ದು, ಹಾಗಲ್ಲವೆಂದು ಸ್ಥಾಪಿಸುವ ಭಾರ ಅವನದೇ. ಅಪರಾಧಿಗೂ ಆರೋಪ ಸಿದ್ಧವಾಗುವ ವರೆಗೆ ನಿರಪರಾಧಿಯೆಂಬ ಗೌರವವುಂಟು. ನೆಂಟರ ಮನೆಗೆ ಹೊರಟವನಿಗೆ ಅದಿಲ್ಲ.

ತುಂಗಭದ್ರೆಯ ಎಡದಂಡೆಯ ಕಾಲುವೆ ಹರಿದ ಮೇಲೆ ಸಿಂಧನೂರಿನ ಕಪ್ಪು ನೆಲ ಬತ್ತದ ಗದ್ದೆಯಾಯಿತು; ಕರಾವಳಿ ಆಂಧ್ರದಿಂದ ಬಂದ ಒಕ್ಕಲಿಗರ ಕ್ಯಾಂಪುಗಳು ಎದ್ದವು. ಆ ಮನೆಗಳ ಮಕ್ಕಳೂ ಹಳೆಯ ಕನ್ನಡ ಮನೆತನಗಳ ಮಕ್ಕಳೂ ಓದಿ ಕಡಲಾಚೆ ಸೇರಿದ್ದಾರೆ. ಮಗಳ ಬಾಣಂತನಕ್ಕೆ ತಾಯಿ, ಮೊಮ್ಮಗುವನ್ನು ನೋಡಲು ತಂದೆ, ಮೂರು ತಿಂಗಳಿಗೋ ಆರು ತಿಂಗಳಿಗೋ ಹೊರಡುತ್ತಾರೆ. ಮರಳಿ ಬರುವುದಕ್ಕೆ ಅವರಿಗಿರುವ ಕಾರಣವು ಎರೆಯ ಹೊಲದಷ್ಟೇ ಗಟ್ಟಿಯಾದುದು. ಕಾಲುವೆಗೆ ನೀರು ಬಿಡುವ ಹೊತ್ತಿಗೆ ಊರಲ್ಲಿರದ ಒಕ್ಕಲಿಗನಾರು? ಆದರೆ ಆ ಕಾರಣವನ್ನು ಕಾಗದದ ಮೇಲೆ ತೋರಿಸುವಲ್ಲಿಯೇ ತೊಡಕು. ತಿಂಗಳ ಸಂಬಳದ ಚೀಟಿ ಅವರಲ್ಲಿಲ್ಲ. ಒಕ್ಕಲುತನದ ಆದಾಯಕ್ಕೆ ಕೇಂದ್ರ ಸರಕಾರದ ಆದಾಯ ತೆರಿಗೆಯಿಲ್ಲವಾಗಿ, ತೆರಿಗೆ ಕಟ್ಟಿದ ಪತ್ರವೂ ಇಲ್ಲ. ಫಸಲಿನ ಹಣ ವರ್ಷಕ್ಕೆರಡು ಸಲ ಬಂದು ಗೊಬ್ಬರದ ಅಂಗಡಿಗೆ ಹೋಗುವುದರಿಂದ ಬ್ಯಾಂಕಿನ ಪಟ್ಟಿಯಲ್ಲಿ ಅದು ನಿಲ್ಲುವುದಿಲ್ಲ. ಇರುವುದು ಪಹಣಿ, ಅದು ಕನ್ನಡದಲ್ಲಿದ್ದು ಇಂಗ್ಲಿಷಿಗೆ ಮಾಡಿಸಬೇಕು, ಎಷ್ಟೋ ವೇಳೆ ತೀರಿಹೋದ ಹಿರಿಯರ ಹೆಸರಿನಲ್ಲಿಯೇ ಇರುತ್ತದೆ. ತಹಶೀಲದಾರನ ಕಚೇರಿಯಲ್ಲಿ ಒಂದು ಬಗೆಯಾಗಿ, ಆಧಾರ್ ಕಾರ್ಡಿನಲ್ಲಿ ಇನ್ನೊಂದು ಬಗೆಯಾಗಿ ಬರೆದ ಹೆಸರುಗಳು ಪಾಸ್‌ಪೋರ್ಟಿನಲ್ಲಿ ಮೂರನೆಯ ಬಗೆಯನ್ನು ತಾಳುತ್ತವೆ. ಎಡೆದೊರೆಯಲ್ಲಿ ಸಾವಿರಾರು ವರ್ಷ ಮನುಷ್ಯನ ಮೇಲಿನ ನಂಬಿಕೆಗೆ ಆಧಾರವಾಗಿದ್ದುದು ನೆಲ. ನೆಲವುಳ್ಳವನು ಓಡಿಹೋಗಲಾರನೆಂದೇ ಜಾಮೀನಿಗೆ ಅವನನ್ನು ಹುಡುಕುತ್ತಿದ್ದರು. ಅರ್ಜಿಯ ಕಾಲಂಗಳಲ್ಲಿ ನೌಕರನಿಗಿರುವ ಸ್ಥಾನ ಆ ಜಾಮೀನುದಾರನಿಗಿಲ್ಲವೆಂಬುದು ಅನ್ಯಾಯವಲ್ಲದಿದ್ದರೂ ಅವಿವೇಕವಂತೂ ಹೌದು.

ಅಮೆರಿಕದ ವೀಸಾ ಬೇಡುವವರು ಬಹುಕಾಲ ಚೆನ್ನೈಗೋ ಹೈದರಾಬಾದಿಗೋ ಹೋಗಬೇಕಾಗಿದ್ದಿತು. ಹೈದರಾಬಾದಿನಲ್ಲಿ ೨೦೦೮ರಿಂದ ೨೦೨೩ರ ವರೆಗೆ ಆ ಕಚೇರಿ ಇದ್ದುದು ಬೇಗಂಪೇಟೆಯ ಪಾಯಿಗಾ ಅರಮನೆಯಲ್ಲಿ. ಪಾಯಿಗಾ ಮನೆತನದವರು ನಿಜಾಮರ ಆಸ್ಥಾನದ ಪ್ರಮುಖ ಅಮೀರರು. ತಾತನು ನಿಜಾಮರ ಪ್ರಜೆಯಾಗಿ ಅರ್ಜಿ ಹಿಡಿದು ಹೋಗಿದ್ದ ಊರಿಗೇ ಮೊಮ್ಮಗನೂ ಅರ್ಜಿ ಹಿಡಿದು ಹೋದನು. ಅರಮನೆಯೂ ಅಮೀರರದೇ, ಒಳಗೆ ಕುಳಿತ ದೊರೆ ಮಾತ್ರ ಬೇರೆ. ಭಾರತವೂ ಬೇಡುವ ಪಕ್ಷದಲ್ಲಿ ಮಾತ್ರ ಇಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಸಿಂಧನೂರಿಗೆ ಬಹುದೂರವಲ್ಲದ ಹಂಪೆಯನ್ನು ನೋಡಬರುವ ವಿದೇಶೀಯನು ಇದೇ ಪ್ರಶ್ನೆಗಳಿಗೆ ಉತ್ತರ ಬರೆದೇ ಬರುತ್ತಾನೆ. ೨೦೧೪ರ ನವೆಂಬರಿನಿಂದ ಅವನು ಮನೆಯಲ್ಲಿ ಕುಳಿತೇ ವಿದ್ಯುನ್ಮಾನ ಅರ್ಜಿ ಹಾಕಬಹುದಾಗಿದೆ.

ಸಿಂಧನೂರು ತಾಲ್ಲೂಕಿನಲ್ಲಿ ಆಂಧ್ರರ ಕ್ಯಾಂಪುಗಳಲ್ಲದೆ ಬೇರೆ ಕೆಲವು ಕ್ಯಾಂಪುಗಳೂ ಇವೆ. ಪೂರ್ವ ಪಾಕಿಸ್ತಾನವನ್ನು ಬಿಟ್ಟು ಬಂದ ಬಂಗಾಳಿ ಕುಟುಂಬಗಳನ್ನು ಸರಕಾರವು ಇಲ್ಲಿ ತಂದು, ಭೂಮಿ ಕೊಟ್ಟು ನೆಲೆಗೊಳಿಸಿತು. ಪುನರ್ವಸತಿ ಶಿಬಿರಗಳೆಂದು ಅವಕ್ಕೆ ಹೆಸರು. ಕೊಳದ ಮೀನು, ದುರ್ಗಾಪೂಜೆ, ಬಂಗಾಳಿ ಮಾತುಗಳೊಡನೆ ಅವರು ಅರ್ಧ ಶತಮಾನದಿಂದ ಜೋಳದ ನಾಡಿನ ನೆರೆಯವರಾಗಿದ್ದಾರೆ. ಇವರಲ್ಲಿ ಹಲವರ ಪೌರತ್ವವು ಕಾಗದದಲ್ಲಿ ಸ್ಥಿರವಾಗದೆಯೇ ಉಳಿದಿದ್ದಿತು. ಪೌರತ್ವದ ತಿದ್ದುಪಡಿ ಕಾಯಿದೆಯ ಮೇರೆಗೆ ಕರ್ನಾಟಕದಲ್ಲಿ ಮೊತ್ತಮೊದಲು ಪ್ರಮಾಣಪತ್ರ ದೊರೆತುದು ಈ ಶಿಬಿರಗಳ ಐವರಿಗೆ, ೨೦೨೪ರ ಆಗಸ್ಟಿನಲ್ಲಿ. ಪ್ರಮಾಣಪತ್ರ ಪಡೆದವನು ಇನ್ನು ಪಾಸ್‌ಪೋರ್ಟಿಗೆ ಅರ್ಜಿ ಹಾಕಬಹುದು. ಪಾಸ್‌ಪೋರ್ಟು ಬಂದ ಮೇಲೆ ತಾನು ಹುಟ್ಟಿದ ಊರನ್ನು ನೋಡಿ ಬರಲು ಬಾಂಗ್ಲಾದೇಶದ ಅಲ್ಪಾವಧಿಯ ವೀಸಾ ಬೇಡಬಹುದು. ಆ ಅರ್ಜಿಯಲ್ಲಿ ಹುಟ್ಟಿದ ಸ್ಥಳವೆಂಬ ಕಾಲಂಗೆ ಆ ಊರಿನ ಹೆಸರನ್ನೂ, ಕಾಯಂ ವಿಳಾಸವೆಂಬ ಕಾಲಂಗೆ ಸಿಂಧನೂರು ತಾಲ್ಲೂಕಿನ ಶಿಬಿರದ ಹೆಸರನ್ನೂ, ಭೇಟಿಯ ಉದ್ದೇಶವೆಂಬ ಕಾಲಂಗೆ ‘ಪ್ರವಾಸ’ವೆಂದೂ ಅವನು ಬರೆಯಬೇಕಾಗುತ್ತದೆ.